ಹಗೇವು ಮತ್ತು ಖಜಾನೆ: ವಿಜಯಪುರ ಸೀಮೆಯಲ್ಲಿ ಬ್ರಿಟಿಷ್ ಆಳ್ವಿಕೆಯ ಏಳುಬೀಳು

ಬ್ರಿಟಿಷ್ ಸಾಮ್ರಾಜ್ಯದ ಚರಿತ್ರೆಯನ್ನು ಕದನ, ಒಪ್ಪಂದ, ಕಾಯ್ದೆಗಳ ಆಧಾರದ ಮೇಲೆ ಬರೆಯುವುದು ವಾಡಿಕೆ. ವಿಜಯಪುರ ಸೀಮೆಯ ಮಟ್ಟಿಗೆ ಈ ಕ್ರಮದಿಂದ ದೊರೆಯುವುದು ಅಲ್ಪ. ಇಲ್ಲಿ ಇಂಗ್ಲಿಷರು ಆದಿಲಶಾಹಿಗಳನ್ನು ಸೋಲಿಸಲಿಲ್ಲ. ಆ ಕಾರ್ಯ ೧೬೮೬ರಲ್ಲಿಯೇ ಔರಂಗಜೇಬನಿಂದ ಮುಗಿದಿತ್ತು. ಆಮೇಲೆ ನಿಜಾಮನ ಕೈಸೇರಿದ ನಾಡು ೧೭೬೦ರಲ್ಲಿ ಮರಾಠರ ಪಾಲಾಯಿತು. ೧೮೧೮ರಲ್ಲಿ ಪೇಶ್ವೆಯ ಪತನವಾದಾಗಲೂ ಇಂಗ್ಲಿಷರು ಇದನ್ನು ತಾವೇ ಇಟ್ಟುಕೊಳ್ಳದೆ ಸಾತಾರದ ರಾಜನಿಗೆ ಬಿಟ್ಟುಕೊಟ್ಟರು. ೧೮೪೮ರಲ್ಲಿ ಸಾತಾರದ ದತ್ತಕವನ್ನು ಡಾಲ್‌ಹೌಸಿ ಒಪ್ಪದೆ ಹೋದುದರಿಂದ ಆ ಸಂಸ್ಥಾನದೊಡನೆ ವಿಜಾಪುರವೂ ಕಂಪನಿಯ ಆಡಳಿತಕ್ಕೆ ಸೇರಿತು. ಹೀಗೆ ಸಾಮ್ರಾಜ್ಯವು ಈ ನೆಲಕ್ಕೆ ಕಾಲಿಟ್ಟದ್ದು ಒಂದು ಕಾಗದದ ಮೂಲಕ. ಅಂಥ ಆಳ್ವಿಕೆಯನ್ನು ಜನ ಗುರುತಿಸಿದ್ದು ಯಾವುದರಿಂದ ಎಂಬ ಪ್ರಶ್ನೆಗೆ ಉತ್ತರವನ್ನು ಕೋಟೆಯ ಗೋಡೆಗಿಂತ ಹೊಲದಲ್ಲಿಯೂ ಹಗೇವಿನಲ್ಲಿಯೂ ಹುಡುಕಬೇಕಾಗುತ್ತದೆ.

ಜತ್ತದ ಭಾಗದಲ್ಲಿ ಹುಟ್ಟಿ, ಇಂದಿನ ತಿಕೋಟಾ, ಬಬಲೇಶ್ವರ ತಾಲೂಕುಗಳ ನೆಲವನ್ನು ಹಾಯ್ದು, ತಾಳಿಕೋಟೆಯ ಆಚೆ ಕೃಷ್ಣೆಯನ್ನು ಸೇರುವ ಡೋಣಿ ಈ ಸೀಮೆಯ ಜೀವನಾಡಿ. ಅದರ ನೀರು ಸವಳು, ಕುಡಿಯಲು ಬಾರದು. ಅದರ ದಂಡೆಯ ಎರೆಭೂಮಿ ಮಾತ್ರ ಬಿಳಿಜೋಳದ ಕಣಜ. ಡೋಣಿ ಬೆಳೆದರೆ ಊರ ಓಣಿಗಳಿಗೆಲ್ಲ ಕಾಳು ಎಂಬರ್ಥದ ಗಾದೆ ಇಂದಿಗೂ ಬಳಕೆಯಲ್ಲಿದೆ. ಗಾದೆಯ ಆರಂಭದಲ್ಲಿರುವ 'ರೆ' ಎಂಬ ಪ್ರತ್ಯಯವನ್ನು ಓದುಗರು ಗಮನಿಸಬೇಕು. ಬೆಳೆದರೆ ಉಂಟು, ಬೆಳೆಯದಿದ್ದರೆ ಇಲ್ಲ. ಹಿಂಗಾರಿ ಮಳೆಯನ್ನೇ ನಂಬಿದ ಈ ಬೇಸಾಯದಲ್ಲಿ ಒಂದು ವರ್ಷದ ಸುಗ್ಗಿ ಮುಂದಿನ ಎರಡು ವರ್ಷಗಳ ಹಸಿವಿಗೆ ಜಾಮೀನಾಗಬೇಕಿತ್ತು. ಆ ಜಾಮೀನೇ ಹಗೇವು. ನೆಲದೊಳಗೆ ಆಳವಾಗಿ ತೋಡಿ, ಗೋಡೆಗೆ ಜೋಳದ ದಂಟು, ಹೊಟ್ಟುಗಳನ್ನು ಒತ್ತಿ, ಕಾಳು ತುಂಬಿ, ಬಾಯಿಗೆ ಕಲ್ಲು ಹೊಂದಿಸಿ ಮಣ್ಣು ಮೆತ್ತಿದರೆ ಜೋಳ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಬಾಯಿ ತೆರೆದ ಕೂಡಲೆ ಯಾರೂ ಒಳಗಿಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೊರಹೋಗುವವರೆಗೆ ಕಾಯುವುದು ರೂಢಿ. ಹಗೇವು ಒಂದು ಮನೆಯ ಆಸ್ತಿಯಾಗಿದ್ದರೂ ಅದರ ಲೆಕ್ಕ ಊರಿಗೆಲ್ಲ ತಿಳಿದಿರುತ್ತಿತ್ತು. ಆಯಗಾರರ ಪಾಲು, ಕೂಲಿಯವರ ಕಾಳು, ಬಿತ್ತನೆಯ ಸಾಲ ಎಲ್ಲವೂ ಅಲ್ಲಿಂದಲೇ ಹೊರಬರುತ್ತಿದ್ದವು.

ಕಂಪನಿ ಸರಕಾರದ ಹೊಸ ವ್ಯವಸ್ಥೆ ತಗುಲಿದ್ದು ಈ ಲೆಕ್ಕಕ್ಕೆ. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ರೂಪಿಸಿದ ಮುಂಬಯಿ ಪ್ರಾಂತದ ರೈತವಾರಿ ಸರ್ವೆ, ಹೊಲಹೊಲಕ್ಕೂ ಬಾಂದುಕಲ್ಲು ನೆಟ್ಟು, ಮಣ್ಣಿನ ಗುಣವನ್ನು ಆಣೆಗಳಲ್ಲಿ ಅಳೆದು, ಮೂವತ್ತು ವರ್ಷಗಳಿಗೆ ಆಕಾರವನ್ನು ನಿಗದಿಗೊಳಿಸಿತು. ಹಿಂದಿನ ಮಾಮಲೇದಾರರ ಮನಬಂದ ವಸೂಲಿಗೆ ಹೋಲಿಸಿದರೆ ಇದು ಸುಧಾರಣೆಯೇ ಎಂಬ ವಾದವನ್ನು ತಳ್ಳಿಹಾಕಲಾಗದು. ಆದರೆ ಕಂದಾಯವನ್ನು ರೊಕ್ಕದಲ್ಲಿಯೇ, ಗೊತ್ತಾದ ಕಂತುಗಳಲ್ಲಿಯೇ ಕಟ್ಟಬೇಕಾಯಿತು. ಮಳೆ ಬಂದರೂ ಬಾರದಿದ್ದರೂ ಕಂತಿನ ದಿನ ಬರುತ್ತಿತ್ತು. ೧೮೫೨ರ ಕಾಯ್ದೆಯ ಇನಾಮು ವಿಚಾರಣೆ ಹಳೆಯ ಸನದುಗಳನ್ನೆಲ್ಲ ಪರೀಕ್ಷೆಗೆ ಒಡ್ಡಿತು. ೧೮೬೧ರಿಂದ ೧೮೬೫ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದಾಗಿ ಲ್ಯಾಂಕಷೈರಿನ ಗಿರಣಿಗಳಿಗೆ ಭಾರತದ ಹತ್ತಿ ಬೇಕಾದಾಗ ಎರೆಭೂಮಿಯ ರೈತನೂ ಆ ಬೆಲೆಗೆ ಮರುಳಾದ. ಯುದ್ಧ ನಿಂತಿತು, ಬೆಲೆ ಬಿದ್ದಿತು, ಸಾಹುಕಾರನ ಖಾತೆ ಉಳಿಯಿತು. ಹಗೇವಿನಲ್ಲಿ ಕೂಡಬೇಕಾದ ಕಾಳು ಪೇಟೆಗೆ ನಡೆದು, ರೊಕ್ಕವಾಗಿ ಖಜಾನೆ ಸೇರತೊಡಗಿತು.

೧೮೭೬ರಲ್ಲಿ ಮುಂಗಾರಿ ಕೈಕೊಟ್ಟಿತು, ಹಿಂಗಾರಿಯೂ ಕೈಕೊಟ್ಟಿತು. ವಿಜಾಪುರ, ತಿಕೋಟಾ, ಬಬಲೇಶ್ವರಗಳು ಆಗ ಕಲಾದಗಿ ಜಿಲ್ಲೆಗೆ ಸೇರಿದ್ದವು. ಜಿಲ್ಲೆಗೆ ರೈಲು ಇರಲಿಲ್ಲ. ೧೮೬೦ರಲ್ಲಿ ರೈಲು ಬಂದಿದ್ದ ಸೊಲ್ಲಾಪುರದಿಂದ ಕಾಳು ಎತ್ತಿನ ಬಂಡಿಯಲ್ಲಿ ಬರಬೇಕು, ಆ ಎತ್ತುಗಳಿಗೆ ದಾರಿಯಲ್ಲಿ ಮೇವಿಲ್ಲ, ನೀರಿಲ್ಲ. ಧಾನ್ಯದ ವ್ಯಾಪಾರದಲ್ಲಿ ಕೈಯಾಡಿಸಬಾರದೆಂಬುದು ಸರಕಾರದ ತತ್ತ್ವ. ೧೮೭೭ರ ಜನವರಿ ೧ರಂದು ದಿಲ್ಲಿಯಲ್ಲಿ ಲಾರ್ಡ್ ಲಿಟನ್ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರಿದ. ಅದೇ ತಿಂಗಳು ಬರಪೀಡಿತ ಪ್ರಾಂತಗಳ ವೆಚ್ಚವನ್ನು ಹದ್ದಿನಲ್ಲಿಡಲು ಸರ್ ರಿಚರ್ಡ್ ಟೆಂಪಲ್ ನಿಯುಕ್ತನಾದ. ೧೮೭೪ರ ಬಿಹಾರದ ಬರದಲ್ಲಿ ಬರ್ಮಾದ ಅಕ್ಕಿ ತರಿಸಿ ಜೀವಗಳನ್ನು ಉಳಿಸಿದ್ದವನೂ, ಹಣ ಪೋಲು ಮಾಡಿದನೆಂಬ ನಿಂದೆಗೆ ಗುರಿಯಾಗಿದ್ದವನೂ ಇದೇ ಟೆಂಪಲ್. ಈ ಸಲ ಅವನು ನಿಂದೆಗೆ ಎಡೆಗೊಡಲಿಲ್ಲ. ಪರಿಹಾರ ಕಾಮಗಾರಿಯ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಅರ್ಧ ಕಿಲೋಗೂ ಕಡಿಮೆ ಧಾನ್ಯದ ಬೆಲೆ, ಮೇಲೆ ಒಂದಾಣೆ ಎಂದು ಕೂಲಿ ಇಳಿಯಿತು. ಮುಂಬಯಿ ಪ್ರಾಂತದ ಕೂಲಿಗಳು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಕೆಲಸ ಬಿಟ್ಟು ಹೊರಟುಹೋದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಸರಕಾರಕ್ಕೆ ಬರೆಯಿತು. ದಿನವೆಲ್ಲ ಖಡಿ ಒಡೆಯುವ ಮೈಗೆ ಒಂದು ಪೌಂಡು ಸಾಲದೆಂಬುದನ್ನು ತಿಳಿಯಲು ಶಾಸ್ತ್ರಜ್ಞಾನ ಬೇಕಿರಲಿಲ್ಲ, ಜೋಳದ ರೊಟ್ಟಿ ಬಡಿಯುವ ಯಾವ ಹೆಣ್ಣುಮಗಳಾದರೂ ಹೇಳಬಲ್ಲಳು.

೧೮೭೨ರ ಜನಗಣತಿಯಲ್ಲಿ ಕಲಾದಗಿ ಜಿಲ್ಲೆಯ ಜನಸಂಖ್ಯೆ ಸುಮಾರು ೮.೧೬ ಲಕ್ಷ, ೧೮೮೧ರಲ್ಲಿ ಅದು ಸುಮಾರು ೬.೩೮ ಲಕ್ಷ. ಸತ್ತವರೆಷ್ಟು, ಗುಳೆ ಹೋದವರೆಷ್ಟು ಎಂಬುದನ್ನು ಈ ಅಂಕಿಗಳು ಬಿಡಿಸಿ ಹೇಳವು. ಐದರಲ್ಲೊಬ್ಬರು ಊರಲ್ಲಿಲ್ಲ ಎಂಬುದಂತೂ ನಿಜ.

ಈ ಬರವನ್ನು ಕಡತವು ೧೮೭೬–೭೮ರ ಕ್ಷಾಮವೆಂದು ಕರೆದರೆ, ಕನ್ನಡ ನಾಡಿನ ಜನ ಧಾತು–ಈಶ್ವರ ಬರವೆಂದು ಸಂವತ್ಸರಗಳ ಹೆಸರಿನಿಂದ ಗುರುತಿಸಿದರು. ಅದಕ್ಕೂ ಹಿಂದಿನ, ೧೭೯೧–೯೨ರ ಬರ 'ಡೋಗಿ ಬರ'. ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದ ಕಾಲವೆಂದು ಆ ಹೆಸರನ್ನು ವಿವರಿಸಲಾಗುತ್ತದೆ. ಒಂದು ಮರಾಠರ ಕಾಲದ್ದು, ಇನ್ನೊಂದು ಇಂಗ್ಲಿಷರ ಕಾಲದ್ದು. ಜನಪದ ಕಾಲಗಣನೆಯಲ್ಲಿ ದೊರೆಯ ಹೆಸರಿಗಿಂತ ಬರದ ಹೆಸರು ಗಟ್ಟಿಯಾದ ಗುರುತು.

ಜನಪದ ಸಾಹಿತ್ಯವನ್ನು ಮೊದಲು ಬರೆದಿಟ್ಟವರಲ್ಲಿ ಒಬ್ಬ ಇದೇ ಆಡಳಿತದ ಅಧಿಕಾರಿ ಎಂಬುದು ಗಮನಾರ್ಹ. ಶಾಸನತಜ್ಞನೆಂದು ಪ್ರಸಿದ್ಧನಾದ ಜಾನ್ ಫೇತ್‌ಫುಲ್ ಫ್ಲೀಟ್ ೧೮೮೦ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಕನ್ನಡ ಲಾವಣಿಗಳನ್ನು ಅನುವಾದಸಹಿತ ಪ್ರಕಟಿಸಿದ. ಸಂಗೊಳ್ಳಿ ರಾಯಣ್ಣನ ದಂಗೆ, ೧೮೫೭ರಲ್ಲಿ ನಿಃಶಸ್ತ್ರೀಕರಣದ ವಿರುದ್ಧ ಎದ್ದ ಹಲಗಲಿಯ ಬೇಡರು, ಆದಾಯ ತೆರಿಗೆಯ ಹೇರಿಕೆ, ಸಂಗ್ಯಾನ ಕೊಲೆ ಇವು ಅವನ ಆಯ್ಕೆಯಲ್ಲಿ ಸೇರಿದವು. ಈ ಉಪಕಾರವನ್ನು ಕನ್ನಡ ಜಾನಪದ ಅಧ್ಯಯನ ಮರೆಯುವಂತಿಲ್ಲ. ಆದರೂ ಆಡಳಿತಗಾರನ ಕಿವಿಗೆ ಮೊದಲು ಬೀಳುವುದು ದಂಗೆ, ತೆರಿಗೆ, ಅಪರಾಧ. ಬೀಸುಕಲ್ಲಿನ ಮುಂದೆ ಹೆಂಗಸರು ಹಾಡಿದ್ದನ್ನು ಅದೇ ಪ್ರೀತಿಯಿಂದ ಕೂಡಿಡಲು ಈ ಜಿಲ್ಲೆಯವರೇ ಆದ ಹಲಸಂಗಿಯ ಗೆಳೆಯರು ಬರಬೇಕಾಯಿತು. ಅವರ 'ಗರತಿಯ ಹಾಡು' ೧೯೩೧ರಲ್ಲಿ ಹೊರಬಂದಿತು.

ಬರದ ಬಳಿಕ ಸರಕಾರ ಎಚ್ಚತ್ತಿತು. ಸ್ಟ್ರೇಚಿ ಆಯೋಗದ ವರದಿ ಬಂದಿತು, ಕ್ಷಾಮ ಸಂಹಿತೆ ಸಿದ್ಧವಾಯಿತು. ಸದರ್ನ್ ಮರಾಠಾ ರೈಲ್ವೆಯ ಹೋಟಗಿ–ಗದಗ ಮಾರ್ಗ ೧೮೮೪ರಲ್ಲಿ ತೆರೆಯಿತು, ಗೋಳಗುಮ್ಮಟದ ಮಗ್ಗುಲಲ್ಲಿಯೇ ನಿಲ್ದಾಣ. ಅದೇ ಸುಮಾರಿಗೆ ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಾಪುರಕ್ಕೆ ಬಂದಿತು. ೧೮೮೧ರಲ್ಲಿ ಹನ್ನೊಂದು ಸಾವಿರದಷ್ಟಿದ್ದ ಪಟ್ಟಣದ ಜನಸಂಖ್ಯೆ ೧೯೦೧ರಲ್ಲಿ ೨೩ ಸಾವಿರ ಮೀರಿತು. ಸಾಹೇಬರು ಹೊಸ ಕಟ್ಟಡ ಕಟ್ಟುವ ಬದಲು ಸುಲ್ತಾನರ ಮನೆಗಳಲ್ಲಿಯೇ ಬಿಡಾರ ಹೂಡಿದರು. ಚೀನಿ ಮಹಲು ಕಚೇರಿಯಾಯಿತು, ಬುಖಾರಿ ಮಸೀದಿ ಅಂಚೆಮನೆಯಾಯಿತು, ಜೋಡಗುಮ್ಮಟದ ಗೋರಿ ಇಂಜಿನಿಯರನ ವಸತಿಯಾಯಿತು. ಸತ್ತವರ ಮನೆಯಲ್ಲಿ ಸಂಸಾರ ಹೂಡುವುದು ಈ ಭಾಗದಲ್ಲಿ ಒಳ್ಳೆಯ ಲಕ್ಷಣವಲ್ಲ! ಲಾರ್ಡ್ ಕರ್ಜನ್ ವೈಸರಾಯನಾದ ಮೇಲೆ, ೧೯೦೪ರಲ್ಲಿ ಪ್ರಾಚೀನ ಸ್ಮಾರಕಗಳ ಕಾಯ್ದೆ ಬಂದಿತು. ಸ್ಮಾರಕ ರಕ್ಷಣೆಯ ಪ್ರಶಂಸೆಯಲ್ಲಿ ಕೆರೆಗಳು ಮಾತ್ರ ಹಿಂದೆ ಸರಿಯುತ್ತವೆ. ಬಬಲೇಶ್ವರ ಭಾಗದ ಮಮದಾಪುರದಲ್ಲಿ ಮುಹಮ್ಮದ್ ಆದಿಲಶಹ ೧೬೩೩ರಲ್ಲಿ ಕಟ್ಟಿಸಿದ ಕೆರೆ ಗೋಳಗುಮ್ಮಟವನ್ನು ಕಟ್ಟಿಸಿದ ಅದೇ ದೊರೆಯದು. ಪ್ರವಾಸಿಗಳ ಬರವಣಿಗೆಯಲ್ಲಿ ಗುಮ್ಮಟಕ್ಕೆ ದೊರೆತ ಪುಟಗಳ ಒಂದಂಶವೂ ಅದಕ್ಕೆ ದೊರೆತಿಲ್ಲ.

೧೯೧೮ರ ಮೇ ತಿಂಗಳಲ್ಲಿ ಮುಂಬಯಿ ಪ್ರಾಂತೀಯ ಪರಿಷತ್ತು ವಿಜಾಪುರದಲ್ಲಿ ಸೇರಿದಾಗ ಗಾಂಧೀಜಿ ಬಂದಿದ್ದರು. ಅಲ್ಲಿಂದ ೧೯೪೭ರವರೆಗಿನ ಕಥೆ ಬೇರೆಡೆ ವಿಸ್ತಾರವಾಗಿ ಬಂದಿದೆ. ಸಾಮ್ರಾಜ್ಯ ಹೋದರೂ ಅದು ಎಳೆದ ಗೆರೆಗಳು ಹೋಗಲಿಲ್ಲ. ತಿಕೋಟಾದ ಪಡುವಣಕ್ಕೆ ಹೊಂದಿಕೊಂಡ ಜತ್ತ, ಬ್ರಿಟಿಷರ ಕಾಲದಲ್ಲಿ ವಿಜಾಪುರ ಏಜೆನ್ಸಿಗೆ ಒಳಪಟ್ಟ ಸಂಸ್ಥಾನ. ೧೯೪೮ರಲ್ಲಿ ಅದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ೧೯೫೬ರಲ್ಲಿ ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಾಗ ಜತ್ತ ಅಲ್ಲಿಯೇ ಉಳಿದು, ೧೯೬೦ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. ಬೀಗತನ, ಜಾತ್ರೆ, ಮಾತು ಎಲ್ಲವೂ ಗೆರೆಯ ಎರಡೂ ಕಡೆ ಒಂದೇ. ೨೦೧೮ರಲ್ಲಿ ತಿಕೋಟಾ, ಬಬಲೇಶ್ವರಗಳು ಪ್ರತ್ಯೇಕ ತಾಲೂಕುಗಳಾದವು. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಎತ್ತರದ ನೆಲಕ್ಕೂ ಏರಿತು. ೨೦೨೨ರಲ್ಲಿ ಜತ್ತ ತಾಲೂಕಿನ ಕನ್ನಡ ಹಳ್ಳಿಗಳ ಜನ ಆ ನೀರು ತಮಗೂ ಬೇಕೆಂದು ಕರ್ನಾಟಕದತ್ತ ಮುಖ ಮಾಡಿದ್ದು ಎರಡೂ ರಾಜ್ಯಗಳಲ್ಲಿ ದೊಡ್ಡ ಸುದ್ದಿಯಾಯಿತು.