ರುಂಬಲಾರ ಫುಟ್‌ಬಾಲ್ ನೆಟ್‌ಬಾಲ್ ಕ್ಲಬ್

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಶೆಪರ್ಟನ್‌ನಲ್ಲಿ ಮೂಲನಿವಾಸಿಗಳೇ ನಡೆಸುವ ಕ್ರೀಡಾ ಸಂಸ್ಥೆ. ಇದರ ಬೇರು ಮರ್ರೆ ನದಿ ದಡದ ಕಮ್ಮರಗಂಜದ ಯೋರ್ಟ ಯೋರ್ಟ ಜನರ ಹಳೆಯ ಫುಟ್‌ಬಾಲ್ ತಂಡದಲ್ಲಿದೆ. ಅದೇ ಊರಿನ ಡಗ್ ನಿಕೋಲ್ಸ್ 1920ರ ದಶಕದಲ್ಲಿ ಮೆಲ್ಬರ್ನ್‌ನ ಕಾರ್ಲ್ಟನ್ ಕ್ಲಬ್ಬಿಗೆ ಹೋದಾಗ, ಮೂಲನಿವಾಸಿ ಎಂಬ ಕಾರಣಕ್ಕೆ ಅವರ ಮೈಯನ್ನು ಮಾಲಿಷ್ ಮಾಡಲು ಅಲ್ಲಿನವರು ಒಪ್ಪಲಿಲ್ಲ ಎಂಬುದು ಪ್ರಸಿದ್ಧ ಸಂಗತಿ. ಮುಂದೆ ಅವರು ಫಿಟ್ಜ್‌ರಾಯ್ ತಂಡದಲ್ಲಿ ಮಿಂಚಿದರು. 1976ರಲ್ಲಿ ಸೌತ್ ಆಸ್ಟ್ರೇಲಿಯಾದ ರಾಜ್ಯಪಾಲರೂ ಆದರು.

ಪಾಲ್ ಬ್ರಿಗ್ಸ್ ಮುಂದಾಳತ್ವದಲ್ಲಿ ರುಂಬಲಾರ 1997ರಲ್ಲಿ ಸ್ಥಳೀಯ ಲೀಗ್ ಸೇರಿತು. ಬೇರೆಯವರ ತಂಡದಲ್ಲಿ ಒಂದು ಜಾಗ ಕೊಡಿಸುವುದಕ್ಕಿಂತ ಇದು ದೊಡ್ಡ ಹೆಜ್ಜೆ: ಇಲ್ಲಿ ಆಡಳಿತವೇ ಸಮುದಾಯದ ಕೈಯಲ್ಲಿದೆ. ಗಂಡಸರ ಫುಟ್‌ಬಾಲ್ ಜೊತೆಗೆ ನೆಟ್‌ಬಾಲ್ ಇರುವುದರಿಂದ ವಾರಾಂತ್ಯಕ್ಕೆ ಮನೆಮಂದಿಯೆಲ್ಲ ಮೈದಾನಕ್ಕೆ ಬರುತ್ತಾರೆ. ಯುವಕರ ಆರೋಗ್ಯ, ಓದು, ಉದ್ಯೋಗದ ಕಾರ್ಯಕ್ರಮಗಳನ್ನೂ ಕ್ಲಬ್ ನಡೆಸಿದೆ.