ಮೂತ್ರಪಿಂಡದ ಅರ್ಬುದದಲ್ಲಿ ವಂಶವಾಹಿಗಳ ಅಭಿವ್ಯಕ್ತಿ

ವಯಸ್ಕರ ಮೂತ್ರಪಿಂಡದ ಅರ್ಬುದಗಳಲ್ಲಿ ಸುಮಾರು ಮುಕ್ಕಾಲು ಪಾಲಾಗಿರುವ ಸ್ವಚ್ಛಕೋಶ ಅರ್ಬುದದಲ್ಲಿ, ಯಾವ ವಂಶವಾಹಿಗಳು ವ್ಯಕ್ತವಾಗಬೇಕು, ಯಾವುವು ಸುಪ್ತವಾಗಿರಬೇಕು ಎಂಬ ಕೋಶದ ವ್ಯವಸ್ಥೆಯೇ ವಿಪರ್ಯಸ್ತವಾಗುತ್ತದೆ. ಇದರ ಮೂಲಕಾರಣವು ಬಹುಮಟ್ಟಿಗೆ ಮೂರನೆಯ ವರ್ಣತಂತುವಿನ ಹ್ರಸ್ವಬಾಹುವಿನಲ್ಲಿರುವ ವಿಎಚ್‌ಎಲ್ ವಂಶವಾಹಿಯ ನಾಶವೇ. ಜರ್ಮನಿಯ ನೇತ್ರವೈದ್ಯ ಫಾನ್ ಹಿಪ್ಪೆಲ್, ಸ್ವೀಡನ್ನಿನ ರೋಗಶಾಸ್ತ್ರಜ್ಞ ಲಿಂಡಾವ್ ಇವರ ಹೆಸರನ್ನು ಹೊತ್ತ ಆನುವಂಶಿಕ ವ್ಯಾಧಿಯುಳ್ಳ ಕುಟುಂಬಗಳ ಅಧ್ಯಯನದಿಂದ 1993ರಲ್ಲಿ ಗುರುತಿಸಲ್ಪಟ್ಟ ಇದು, ಅಂಥ ಕೌಟುಂಬಿಕ ಹಿನ್ನೆಲೆಯಿಲ್ಲದ ರೋಗಿಗಳ ಗಡ್ಡೆಗಳಲ್ಲಿಯೂ ಕೆಟ್ಟಿರುವುದು ಕಂಡುಬಂದುದು, ವಿರಳ ವ್ಯಾಧಿಗಳ ಅಧ್ಯಯನವನ್ನು ವ್ಯರ್ಥಶ್ರಮವೆನ್ನುವವರಿಗೆ ಸಾಕಷ್ಟು ಉತ್ತರವಾದೀತು.

ಆರೋಗ್ಯವಂತ ಕೋಶದಲ್ಲಿ, ಆಮ್ಲಜನಕವು ಸಮೃದ್ಧವಾಗಿರುವಾಗ, ವಿಎಚ್‌ಎಲ್ ಪ್ರೋಟೀನು ಹಿಫ್ ಎಂಬ ನಿಯಂತ್ರಕವನ್ನು ಗುರುತಿಸಿ ವಿನಾಶಕ್ಕೆ ಒಪ್ಪಿಸುತ್ತದೆ. ವಿಎಚ್‌ಎಲ್ ಇಲ್ಲವಾದೊಡನೆ ಹಿಫ್ ಸಂಚಯಗೊಂಡು, ಆಮ್ಲಜನಕವು ಯಥೇಚ್ಛವಾಗಿದ್ದರೂ ಅದರ ಅಭಾವದಿಂದ ಬಳಲುತ್ತಿರುವಂತೆ ಕೋಶವು ವರ್ತಿಸತೊಡಗಿ, ಹೊಸ ರಕ್ತನಾಳಗಳನ್ನು ಪ್ರೇರಿಸುವ ವಿಇಜಿಎಫ್, ಗ್ಲೂಕೋಸನ್ನು ಒಳಸೆಳೆಯುವ ವಾಹಕಗಳು, ಕಾರ್ಬಾನಿಕ್ ಅನ್‌ಹೈಡ್ರೇಸ್ 9 ಮೊದಲಾದವುಗಳ ವಂಶವಾಹಿಗಳು ಅತಿಶಯವಾಗಿ ವ್ಯಕ್ತವಾಗುತ್ತವೆ. ಎರಿತ್ರೊಪೊಯೆಟಿನ್ ಕೂಡ ಹೆಚ್ಚುವುದರಿಂದ ಕೆಲವು ರೋಗಿಗಳಲ್ಲಿ ಕೆಂಪುರಕ್ತಕಣಗಳು ಮಿತಿಮೀರುವುದುಂಟು. ಇದಕ್ಕೆ ಪ್ರತಿಯಾಗಿ, ಗ್ಲೂಕೋಸನ್ನು ನಿರ್ಮಿಸಲು ನೆರವಾಗುವ ಫ್ರಕ್ಟೋಸ್ ಬಿಸ್‌ಫಾಸ್ಫಟೇಸಿನಂಥ ಕಿಣ್ವಗಳ ಅಭಿವ್ಯಕ್ತಿ ಕುಗ್ಗುತ್ತದೆ.

ವಿಎಚ್‌ಎಲ್ ನಾಶವೊಂದೇ ಅರ್ಬುದಕ್ಕೆ ಸಾಲದು. ಮೂರನೆಯ ವರ್ಣತಂತುವಿನ ಅದೇ ಹ್ರಸ್ವಬಾಹುವಿನಲ್ಲಿರುವ ಪಿಬಿಆರ್‌ಎಂ1, ಎಸ್‌ಇಟಿಡಿ2, ಬಿಎಪಿ1 ವಂಶವಾಹಿಗಳೂ ಆಗಾಗ ಕೆಡುತ್ತವೆ.

ಕೋಶವು ಆಮ್ಲಜನಕವನ್ನು ಅರಿಯುವ ಬಗೆಯನ್ನು ಶೋಧಿಸಿದ ಕೇಲಿನ್, ರ‍್ಯಾಟ್‌ಕ್ಲಿಫ್, ಸೆಮೆನ್ಜಾ ಇವರಿಗೆ 2019ರ ನೊಬೆಲ್ ಪಾರಿತೋಷಕವು ಸಂದಿತು. ಹಿಫ್‌ನ ಒಂದು ರೂಪವಾದ ಹಿಫ್-2 ಅನ್ನು ನೇರವಾಗಿ ತಡೆಯುವ ಬೆಲ್ಜುಟಿಫಾನ್ ಔಷಧಕ್ಕೆ 2021ರಲ್ಲಿ ಅಮೆರಿಕದಲ್ಲಿ ಅನುಮೋದನೆ ದೊರೆಯಿತು.