ಬೇಲಿಯಿಂದ ಆರೈಕೆಗೆ: ನಗರದೊಳಗಿನ ಕಾಡನ್ನು ನೋಡಿಕೊಳ್ಳುವ ವಿದ್ಯೆ

ಉದ್ಯಾನ ಎಂದಾಕ್ಷಣ ಹುಲ್ಲುಹಾಸು, ಹೂವಿನ ಪಾತಿ, ಕಲ್ಲುಬೆಂಚುಗಳು ನೆನಪಾಗುತ್ತವೆ. ಆದರೆ ಅನೇಕ ನಗರಗಳ ಉದ್ಯಾನ ಇಲಾಖೆಗಳ ಸುಪರ್ದಿನಲ್ಲಿ ಕಾಡು, ಜೌಗು, ಹುಲ್ಲುಗಾವಲುಗಳೂ ಇವೆ. ನ್ಯೂಯಾರ್ಕಿನ ಉದ್ಯಾನಭೂಮಿಯಲ್ಲಿ ಸುಮಾರು ಮೂರನೇ ಒಂದು ಭಾಗ ಇಂಥದ್ದೇ. ಇವನ್ನು ನೋಡಿಕೊಳ್ಳುವ ವಿದ್ಯೆ ಒಂದೂವರೆ ಶತಮಾನದಲ್ಲಿ ಮೂರು ಹಂತ ಕಂಡಿದೆ: ನಿಸರ್ಗವನ್ನು ಕಟ್ಟುವುದು, ಬೇಲಿ ಹಾಕಿ ಬಿಡುವುದು, ಆರೈಕೆ ಮಾಡುವುದು.

ಮೊದಲ ಹಂತಕ್ಕೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಸಾಕ್ಷಿ. ಫ್ರೆಡೆರಿಕ್ ಲಾ ಓಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವಾ ಅವರ ನಕ್ಷೆ 1858ರಲ್ಲಿ ಆಯ್ಕೆಯಾಯಿತು. ಅಲ್ಲಿನ ರ‍್ಯಾಂಬಲ್ ಎಂಬ ಭಾಗ ನೋಡಲು ಅಪ್ಪಟ ಕಾಡು. ಆದರೆ ಅದರೊಳಗೆ ಹರಿಯುವ ತೊರೆಗೂ ಕೊಳವೆಯ ನೀರೇ.

ಶಿಕಾಗೊ ಬೇರೆ ದಾರಿ ಹಿಡಿಯಿತು. 1910ರ ದಶಕದಿಂದ ಅಲ್ಲಿನ ಕುಕ್ ಕೌಂಟಿ ಉಳಿದಿದ್ದ ಕಾಡು, ಹುಲ್ಲುಗಾವಲುಗಳನ್ನು ಕೊಂಡು ಸಾರ್ವಜನಿಕರಿಗಾಗಿ ಕಾದಿರಿಸಿತು. ಕಾದಿಟ್ಟರೆ ಸಾಕು, ಉಳಿದದ್ದನ್ನು ನಿಸರ್ಗವೇ ನೋಡಿಕೊಳ್ಳುತ್ತದೆ ಎಂಬ ನಂಬಿಕೆ ಆಗಿನದು. ಅದು ಹುಸಿಯಾಯಿತು. ಆ ಹುಲ್ಲುಗಾವಲುಗಳು ತೆರೆದುಕೊಂಡಿದ್ದುದೇ ಆಗಾಗ ಬೀಳುತ್ತಿದ್ದ ಬೆಂಕಿಯಿಂದ. ಮೂಲನಿವಾಸಿಗಳು ತಾವೇ ಹಚ್ಚುತ್ತಿದ್ದ ಬೆಂಕಿಯೂ ಅದರಲ್ಲಿ ಸೇರಿತ್ತು. ಬೆಂಕಿ ನಿಂತ ಮೇಲೆ ಯುರೋಪಿನಿಂದ ಬಂದ ಬಕ್‌ತಾರ್ನ್ ಪೊದೆ ಹಬ್ಬಿತು, ಓಕ್ ಸಸಿಗಳಿಗೆ ಬಿಸಿಲು ಸಿಗದಾಯಿತು. 1977ರಲ್ಲಿ ಸ್ಟೀವ್ ಪ್ಯಾಕರ್ಡ್ ಎಂಬ ಸ್ವಯಂಸೇವಕ ಮತ್ತು ಸಂಗಡಿಗರು ಪೊದೆ ಕಡಿದು, ಸ್ಥಳೀಯ ಹುಲ್ಲಿನ ಬೀಜ ಆರಿಸಿ ಬಿತ್ತತೊಡಗಿದರು. ಮರ ಕಡಿಯುವುದು, ಕಳೆನಾಶಕ ಬಳಸುವುದು ಕಂಡು ಸುತ್ತಲಿನವರು ಸಿಟ್ಟಾದರು. 1996ರಲ್ಲಿ ಕೌಂಟಿ ಆಡಳಿತ ಕೆಲಸಕ್ಕೆ ತಡೆಯೊಡ್ಡಿತು. ಜನರಿಗೆ ತಿಳಿಹೇಳುವುದೂ ನಿರ್ವಹಣೆಯ ಭಾಗವೇ ಎಂಬ ಪಾಠ ಹೀಗೆ ಕಷ್ಟಪಟ್ಟು ದಕ್ಕಿತು.

ಎಲ್ಲೆಡೆಯೂ ಹಳೆಯ ಕಾಡೇ ಬೇಕೆಂದಿಲ್ಲ ಎಂದು ತೋರಿಸಿದ್ದು ಬರ್ಲಿನ್. ರೈಲು ನಿಂತುಹೋದ ಸ್ಯೂಡ್‌ಗೆಲೆಂಡೆ ಯಾರ್ಡಿನಲ್ಲಿ ಹಳಿಗಳ ನಡುವೆ ದಶಕಗಳ ಕಾಲ ಗಿಡಮರ ತಾವಾಗಿ ಬೆಳೆದವು. ನಾಗರಿಕರು ಹೋರಾಡಿ ಉಳಿಸಿಕೊಂಡ ಆ 18 ಹೆಕ್ಟೇರ್ ಜಾಗ 2000ದಲ್ಲಿ ಉದ್ಯಾನವಾಯಿತು. ಎಲ್ಲಿ ಮರ ಬೆಳೆಯಬೇಕು, ಎಲ್ಲಿ ಹುಲ್ಲು ಕೊಯ್ದು ಬಯಲು ಉಳಿಸಬೇಕು ಎಂಬುದನ್ನು ಅಲ್ಲಿ ಮೊದಲೇ ಗುರುತಿಸಲಾಗಿದೆ.

ಅಷ್ಟರಲ್ಲಿ ನ್ಯೂಯಾರ್ಕ್ ಉದ್ಯಾನ ಇಲಾಖೆ 1984ರಲ್ಲೇ ಇಂಥ ಜಾಗಗಳ ಆರೈಕೆಗಾಗಿ ಪ್ರತ್ಯೇಕ ವಿಭಾಗ ತೆರೆದಿತ್ತು. ಮುಂದೆ ನ್ಯಾಚುರಲ್ ಏರಿಯಾಸ್ ಕನ್ಸರ್ವೆನ್ಸಿ ಎಂಬ ಸಂಸ್ಥೆಯ ಜೊತೆಗೂಡಿ, ನಗರದ ಕಾಡುಗಳ ಸಮೀಕ್ಷೆಗೆ ಕೈಹಾಕಿತು. ಕಾಡಿನ ಮೇಲ್ಛಾವಣಿಯಲ್ಲಿ ಸ್ಥಳೀಯ ಮರಗಳೇ ಹೆಚ್ಚು, ಬುಡದಲ್ಲಿ ಹೊರಗಿನಿಂದ ಬಂದ ಕಳೆಗಳ ಕಾಟ ಎಂಬುದು ಗೊತ್ತಾಯಿತು. ಇಂದಿನ ಮರಗಳು ಬಿದ್ದ ಮೇಲೆ ಎದ್ದು ನಿಲ್ಲಬೇಕಾದ ಸಸಿಗಳೇ ಅಪಾಯದಲ್ಲಿದ್ದವು. ಹೀಗಾಗಿ 2018ರಲ್ಲಿ ಸಿದ್ಧವಾದ ನಿರ್ವಹಣಾ ಯೋಜನೆಯ ಅವಧಿ 25 ವರ್ಷ.

ದೆಹಲಿಯಲ್ಲಿ ಶತ್ರು ನಮಗೂ ಪರಿಚಿತ: ಬಳ್ಳಾರಿ ಜಾಲಿ. ಬ್ರಿಟಿಷರು ರಿಡ್ಜ್ ಗುಡ್ಡಗಳಲ್ಲಿ ನೆಟ್ಟ ಈ ಮರ ಸ್ಥಳೀಯ ಸಸ್ಯಗಳನ್ನು ಮೂಲೆಗೊತ್ತಿತು. ಬುಡಕ್ಕೆ ಕಡಿದರೆ ಮತ್ತೆ ಚಿಗುರುತ್ತದೆ, ನೆಲವೂ ಬೋಳಾಗುತ್ತದೆ. ಪರಿಸರ ವಿಜ್ಞಾನಿ ಪ್ರೊ. ಸಿ.ಆರ್. ಬಾಬು ಅವರ ತಂಡ ಕಂಡುಕೊಂಡ ದಾರಿ ತಾಳ್ಮೆಯದು. ಮೊದಲು ಜಾಲಿಯ ಪಕ್ಕದ ಕೊಂಬೆಗಳನ್ನಷ್ಟೇ ಸವರಿ ಬಿಸಿಲು ನೆಲ ಮುಟ್ಟುವಂತೆ ಮಾಡುತ್ತಾರೆ. ಆ ಬೆಳಕಿನಲ್ಲಿ ನಮ್ಮ ದಿಂಡಿಗದ ಬಳಗದ ಧೌ ಮುಂತಾದ ಸ್ಥಳೀಯ ಸಸಿಗಳನ್ನು ನೆಡುತ್ತಾರೆ. ಅವು ಎತ್ತರಕ್ಕೆ ಬೆಳೆದಂತೆ ಜಾಲಿ ನೆರಳಿಗೆ ಸಿಕ್ಕಿ ಹಿಂದೆ ಸರಿಯುತ್ತದೆ.

ಬೆಂಗಳೂರಿನಲ್ಲಿ ಈ ಚರ್ಚೆ ಈಗಷ್ಟೇ ಬಲಗೊಳ್ಳುತ್ತಿದೆ. ಅರಣ್ಯ ಇಲಾಖೆಗೆ ಸೇರಿದ ತುರಹಳ್ಳಿಯ ಕುರುಚಲು ಕಾಡಿನಲ್ಲಿ ಟ್ರೀ ಪಾರ್ಕ್ ಮಾಡುವ ಪ್ರಸ್ತಾವವನ್ನು 2021ರಲ್ಲಿ ನಾಗರಿಕರು ಬೀದಿಗಿಳಿದು ವಿರೋಧಿಸಿದರು. ಕುರುಚಲು ಕಾಡು ಪಾಳುಭೂಮಿಯಲ್ಲ ಎಂಬ ಅವರ ಮಾತು ನೂರಕ್ಕೆ ನೂರು ಸರಿ. ಆದರೆ ಶಿಕಾಗೊದ ಅನುಭವ ಹೇಳುವಂತೆ, ಕಟ್ಟಡ ತಡೆದ ಮಾತ್ರಕ್ಕೆ ಕಾಡು ಉಳಿಯುವುದಿಲ್ಲ. ಏನೇನಿದೆ ಎಂಬ ಲೆಕ್ಕ ಬೇಕು, ದಶಕಗಳ ಯೋಜನೆ ಬೇಕು. ನಮ್ಮ ಬಜೆಟ್‌ಗಳಲ್ಲಿ ಸಸಿ ನೆಡಲು ಹಣವಿರುತ್ತದೆ. ಲಂಟಾನ ಕಳೆ ಕಿತ್ತ ಜಾಗಕ್ಕೆ ಮೂರನೆಯ ವರ್ಷವೂ ಹೋಗಿ, ಮತ್ತೆ ಚಿಗುರಿದ್ದನ್ನು ಕೀಳುವವರ ಸಂಬಳಕ್ಕೂ ಹಣ ತೆಗೆದಿಡಬೇಕು.